ಒಂದೇ ಕುದ್ರುವಿಗೆ ಎರಡು ಸಲ ದಾಟಿದ್ದು

ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ಡಬ್ಬಿಯಲ್ಲಿರುವಾಗಲೇ ನಾವು ದಾವಣಗೆರೆ ಬಿಟ್ಟೆವು. ನಾವು ಎಂದರೆ ನಾನು ಮತ್ತು ನಮ್ಮ ಮನೆಯವರು ರುದ್ರೇಶ. ಒಂದು ಬ್ಯಾಗು, ಒಂದು ಕೈಚೀಲ, ಒಂದು ಮೂಟೆ ಮಂಡಕ್ಕಿ. ಮಂಡಕ್ಕಿ ಮೂಟೆಗೆ ಭಾರವಿಲ್ಲ, ಆದರೆ ಬಸ್ಸಿನಲ್ಲಿ ಇಬ್ಬರು ಕೂರುವಷ್ಟು ಜಾಗ ಬೇಕು. ಕಂಡಕ್ಟರ್ ಪ್ರತಿವರ್ಷ ಗೊಣಗುತ್ತಾನೆ, ನಾನು ಮೂಟೆಯ ಬಾಯಿ ಬಿಚ್ಚಿ ಎರಡು ಮುಷ್ಟಿ ಮಂಡಕ್ಕಿ ಕೊಡುತ್ತೇನೆ, ಅಲ್ಲಿಗೆ ಅವನ ಗೊಣಗಾಟ ಮುಗಿಯುತ್ತದೆ.

ಊರಿನಲ್ಲಿ ನನ್ನದು ಟೈಲರಿಂಗ್ ಅಂಗಡಿ. ಹಬ್ಬ, ಮದುವೆ ಅಂತ ಕಾರ್ತಿಕದಿಂದ ಪುಷ್ಯದವರೆಗೆ ರವಿಕೆ ಹೊಲಿದು ಹೊಲಿದು ಕುತ್ತಿಗೆ ಹಿಡಿದಿರುತ್ತದೆ. ಸಂಕ್ರಾಂತಿ ದಾಟಿದ ಮೇಲೆ ಅಂಗಡಿಗೆ ಬೀಗ ಹಾಕಿ ಹೊರಟರೆ ಗಿರಾಕಿಗಳೆಲ್ಲ ಕೇಳುವುದು ಒಂದೇ ಮಾತು: "ಮತ್ತೆ ಅದೇ ಊರಿಗಾ ಶಾಂತಕ್ಕ? ಒಂದ್ಸಲ ಗೋವಾಕ್ಕಾದ್ರೂ ಹೋಗಬಾರದಾ?" ಗೋವಾದಲ್ಲಿ ನನಗ್ಯಾರು ಗೊತ್ತು? ನಮ್ಮದು ಬ್ರಹ್ಮಾವರದ ಹತ್ತಿರ, ಸೀತಾ ಹೊಳೆಯ ನಡುವಿನ ಒಂದು ಕುದ್ರು. ಹೊಳೆಯ ಮಧ್ಯದ ನಡುಗಡ್ಡೆಗೆ ಆ ಕಡೆ ಕುದ್ರು ಎನ್ನುತ್ತಾರೆ. ಯಾವ ಕುದ್ರು ಅಂತ ಮಾತ್ರ ಬರೆಯುವುದಿಲ್ಲ. ಬರೆದರೆ ಮುಂದಿನ ವರ್ಷ ನೀವೆಲ್ಲ ಅಲ್ಲಿ ಬಂದು ಕೂತಿರುತ್ತೀರಿ.

ಮದುವೆಯಾದ ಹೊಸತರಲ್ಲಿ ನಮ್ಮವರು ಲಾರಿ ಓಡಿಸುತ್ತಿದ್ದರು. ದಾವಣಗೆರೆಯಿಂದ ಮಂಡಕ್ಕಿ ತುಂಬಿಕೊಂಡು ಹೋಗಿ ಬ್ರಹ್ಮಾವರದಲ್ಲಿ ಇಳಿಸುವುದು, ಬರುವಾಗ ತೆಂಗಿನಕಾಯಿ ತುಂಬಿಕೊಂಡು ಬರುವುದು. ಆ ಕಾಯಿ ಕೊಡುತ್ತಿದ್ದವರು ಕುದ್ರುವಿನ ನರಸಿಂಹಣ್ಣ. ಒಮ್ಮೆ "ಹೆಂಡ್ತೀನೂ ಕರ್ಕಂಡ್ ಬನ್ನಿ ಮಾರ್ರೆ" ಎಂದರಂತೆ. ಕರೆದುಕೊಂಡು ಹೋದರು. ನರಸಿಂಹಣ್ಣನ ಹೆಂಡತಿ ಗಿರಿಜಕ್ಕ ನನ್ನನ್ನು ನೋಡಿ ಮೊದಲು ಕೇಳಿದ್ದು, "ಮೀನ್ ತಿಂತ್ರ್ಯಾ?" ನಾವು ತಿನ್ನುವುದಿಲ್ಲ ಎಂದಾಗ ಅವರ ಮುಖದಲ್ಲಿ ಕಂಡ ಕನಿಕರ ನನಗೆ ಇನ್ನೂ ನೆನಪಿದೆ. ಅವತ್ತಿನಿಂದ ನಮ್ಮ ಅಡುಗೆಗೆ ಬೇರೆ ಪಾತ್ರೆ, ಬೇರೆ ಸೌಟು. ಲಾರಿ ಮಾರಿ ಎಷ್ಟೋ ಕಾಲವಾಯಿತು, ಮಕ್ಕಳು ಕಾಲೇಜು ಮುಗಿಸಿದರು, ನಾವು ಮಾತ್ರ ಒಂದು ವರ್ಷವೂ ತಪ್ಪಿಸಿಲ್ಲ.

ಶಿವಮೊಗ್ಗದಲ್ಲಿ ಬಸ್ಸು ಬದಲಿಸಿದೆವು. ಹೊಸನಗರ, ಮಾಸ್ತಿಕಟ್ಟೆ, ಅಲ್ಲಿಂದ ಹುಲಿಕಲ್ ಘಾಟಿ. ಘಾಟಿಯ ತಿರುವುಗಳಲ್ಲಿ ನಮ್ಮವರು ಡ್ರೈವರನಿಗಿಂತ ಮೊದಲು ಬ್ರೇಕ್ ಒತ್ತುತ್ತಾರೆ. ಮುಂದಿನ ಸೀಟಿನ ಅಡಿಗೆ ಅವರ ಕಾಲು ಒದೆಯುವುದನ್ನು ನೋಡಿ ಅಲ್ಲಿ ಕೂತಿದ್ದ ಹೆಂಗಸು ಎರಡು ಸಲ ಹಿಂತಿರುಗಿ ನೋಡಿದಳು. ಸಿದ್ಧಾಪುರಕ್ಕೆ ಇಳಿಯುವ ಹೊತ್ತಿಗೆ ಸ್ವೆಟರ್ ಬಿಚ್ಚಿ ಚೀಲಕ್ಕೆ ತುರುಕಿದೆ. ಕುಂದಾಪುರದಲ್ಲಿ ಬೆವರು. ಊಟ ಮಾಡಿ ಬ್ರಹ್ಮಾವರದ ಬಸ್ಸು ಹತ್ತಿದೆವು. ಕೋಟ, ಸಾಲಿಗ್ರಾಮ ದಾಟುವಾಗ ಗದ್ದೆಯಲ್ಲಿ ಉದ್ದು ಹಸಿರಾಗಿತ್ತು. ಬ್ರಹ್ಮಾವರದಲ್ಲಿ ಆಟೋದವನು ಮಂಡಕ್ಕಿ ಮೂಟೆ ನೋಡಿ ಇನ್ನೂರು ಎಂದ, ನಾನು ಮೂಟೆ ಎತ್ತಿ ತೋರಿಸಿ ನೂರೈವತ್ತಕ್ಕೆ ಇಳಿಸಿದೆ.

ಎಡವಟ್ಟಾಗಿದ್ದು ಕಡವಿನಲ್ಲಿ. ದೋಣಿ ಹತ್ತುವ ಜಾಗಕ್ಕೆ ಅಲ್ಲಿ ಕಡವು ಎನ್ನುತ್ತಾರೆ. ಪ್ರತಿವರ್ಷ ನರಸಿಂಹಣ್ಣ ಹೇಳಿದ ಹೊತ್ತಿಗೆ ದೋಣಿ ತಂದು ಕಾದಿರುತ್ತಾರೆ. ಈ ಸಲ ಬಸ್ಸುಗಳೆಲ್ಲ ಸರಿಯಾಗಿ ಸಿಕ್ಕು ನಾವೇ ಒಂದು ಗಂಟೆ ಮುಂಚೆ ಬಂದಿದ್ದೆವು. ಬಿಸಿಲು ಚುರುಕಾಗಿತ್ತು. ಆಗ ಪೇಟೆಯಿಂದ ಸಿಮೆಂಟು ಚೀಲ ತಂದು ದೋಣಿಗೆ ತುಂಬುತ್ತಿದ್ದ ಶೀನಣ್ಣ ನಮ್ಮನ್ನು ಕಂಡರು. ಶೀನಣ್ಣ ನರಸಿಂಹಣ್ಣನ ತಮ್ಮ. ಕುದ್ರುವಿನಲ್ಲಿ ಇರುವುದೇ ಎರಡು ಮನೆ: ಅಣ್ಣನದು ಕೆಳಮನೆ, ತಮ್ಮನದು ಮೇಲ್ಮನೆ. ನಡುವೆ ಒಂದು ತೆಂಗಿನ ತೋಟ.

"ಹ್ವಾಯ್, ಬಿಸ್ಲಲ್ಲ್ ಎಂತಕ್ಕೆ ನಿಂತದ್ದ್? ಬನ್ನಿ, ಹೋಪ" ಎಂದರು ಶೀನಣ್ಣ. ಅವರ ದೋಣಿಗೆ ಮೋಟಾರು ಬೇರೆ ಕೂರಿಸಿದ್ದರು. ನಾವು ಹತ್ತಿದೆವು. ಯಾರಾದರೂ ಹತ್ತುತ್ತಿದ್ದರು.

ದೋಣಿ ನಿಂತದ್ದು ಮೇಲ್ಮನೆಯ ಮೆಟ್ಟಿಲಿಗೆ. ಶೀನಣ್ಣನ ಹೆಂಡತಿ ಸುಶೀಲಕ್ಕ ಬೆಲ್ಲ ನೀರು ಹಿಡಿದು ಅಂಗಳಕ್ಕೇ ಬಂದರು. ಬಾಯಾರಿಕೆಗೆ ಅಂತ ಆಸರಿಗೆ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ಕುಡಿದೆವು. ನೀರುದೋಸೆ ಬಂತು, ತಿಂದೆವು. ಆಮೇಲೆ ಅವರು ಹೊಸದಾಗಿ ಕಟ್ಟಿಸುತ್ತಿರುವ ಎರಡು ರೂಮು ತೋರಿಸಿದರು. ಹೊರಗಿನವರು ಬಂದರೆ ಉಳಿಯಲಿಕ್ಕೆ. ಟೈಲ್ಸು, ಫ್ಯಾನು, ಕಮೋಡು. ನಮ್ಮವರಿಗೆ ಮಂಡಿನೋವು. ಕಮೋಡು ಕಂಡಿದ್ದೇ ತಡ, "ಎಷ್ಟು ಚಲೋ ಮಾಡಿಸಿದ್ದೀರಿ ಅಕ್ಕಾರ, ಇದು ಬೇಕಿತ್ತು ನೋಡ್ರಿ ಇಲ್ಲಿ" ಎಂದು ಗಂಟಲು ಬಿಟ್ಟು ಹೊಗಳಿದರು. ಲಾರಿ ಓಡಿಸಿದವರ ಗಂಟಲು. ತೋಟ ದಾಟಿ ಕೆಳಮನೆಯ ಗಿರಿಜಕ್ಕನಿಗೆ ಕೇಳಿಸಿತು ಅಂತ ಆಮೇಲೆ ಗೊತ್ತಾಯಿತು.

ಕೆಳಮನೆಗೆ ಹೋದಾಗ ಗಿರಿಜಕ್ಕ ಬಾಗಿಲಲ್ಲಿ ಇರಲಿಲ್ಲ. ನರಸಿಂಹಣ್ಣ ಹುಟ್ಟು ಹಿಡಿದು ಹೊಳೆಯ ಕಡೆ ಹೊರಟವರು ನಮ್ಮನ್ನು ಕಂಡು ಅಲ್ಲೇ ನಿಂತರು. ಒಮ್ಮೆ ಒಳಗೆ ನೋಡಿ, ಹುಟ್ಟನ್ನು ಕೆಳಗಿಟ್ಟರು. ಗಿರಿಜಕ್ಕ ಬಂದರು, ನಕ್ಕರು, "ಬಂದ್ರ್ಯಾ? ಕೂಕಣಿ" ಎಂದು ಎರಡು ಕುರ್ಚಿ ಎಳೆದು ಹಾಕಿದರು. ಕುರ್ಚಿ. ಆ ಮನೆಯಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದೇ ಇಲ್ಲ. ಬಂದವಳೇ ಅಡುಗೆಮನೆಗೆ ಹೋಗಿ ನೆಲದ ಮೇಲೆ ಕಾಲು ಚಾಚುವವಳು ನಾನು. ಮಂಡಕ್ಕಿ ಮೂಟೆಯನ್ನು ಅವರು ಬಿಚ್ಚಲಿಲ್ಲ, ಗೋಡೆಗೆ ಒರಗಿಸಿ ಇಟ್ಟರು.

ಆ ಎರಡು ದಿನ ಗಿರಿಜಕ್ಕ ನಮ್ಮನ್ನು ನೋಡಿಕೊಂಡಷ್ಟು ಚೆನ್ನಾಗಿ ಯಾರೂ ಯಾರನ್ನೂ ನೋಡಿಕೊಂಡಿರಲಾರರು. ಹೊಸ ಚಾದರ. ಚಾವಡಿಯಲ್ಲಿ ಬಾಳೆಲೆ ಹಾಕಿ ಊಟ: ಕುಚ್ಚಲಕ್ಕಿ ಅನ್ನ, ಹರಿವೆ ಸೊಪ್ಪಿನ ಸಾರು, ಗುಳ್ಳ ಬದನೆಯ ಪಲ್ಯ, ಮಾವಿನ ಮಿಡಿ, ಕೊನೆಗೆ ಪಾಯಸ. ಸ್ನಾನಕ್ಕೆ ನೀರು ಕಾಯಿಸಿ ಬಕೆಟಿಗೆ ತುಂಬಿ ಇಟ್ಟರು. ಇಷ್ಟು ವರ್ಷ ನನ್ನ ಕೈಯಲ್ಲಿ ಕಾಯಿ ತುರಿಸಿ, ಬಾವಿಯಿಂದ ನೀರು ಸೇದಿಸಿ, ನಮ್ಮವರನ್ನು ತೆಂಗಿನ ಒಣ ಮಡಲು ಎಳೆಯಲು ಕಳಿಸಿ, ತಪ್ಪಿದರೆ "ಎಂತ ಘಟ್ಟದ ಮೇಲಿನವ್ರಪ್ಪ, ಒಂದ್ ಕೆಲ್ಸ ಬತ್ತಿಲ್ಲೆ" ಎಂದು ಬೈಯುತ್ತಿದ್ದ ಹೆಂಗಸು ಇವರೇನಾ ಅನ್ನಿಸಿತು.

"ಕೊಡಿ ಅಕ್ಕ, ಕಾಯಿ ನಾನು ತುರೀತೀನಿ" ಎಂದು ಹೆರೆಮಣೆಗೆ ಕೈ ಹಾಕಿದೆ.

"ಬ್ಯಾಡ, ಬ್ಯಾಡ. ನೀವ್ ನೆಂಟ್ರ್. ಕೂಕಣಿ" ಎಂದು ಹೆರೆಮಣೆಯನ್ನು ತಮ್ಮ ಕಡೆ ಎಳೆದುಕೊಂಡರು.

ನನಗೆ ಕಣ್ಣಲ್ಲಿ ನೀರು ಬಂತು. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ, ನನಗೂ ಬಾಯಿದೆ. ನೆಂಟರು ಎಂದರೆ ಏನು ಮಾಡುವುದು? ರಾತ್ರಿ ಮಲಗುವಾಗ ನಮ್ಮವರಿಗೆ ಹೇಳಿದೆ, "ನಿಮ್ಮ ಕಮೋಡಿನ ಮಾತಿಂದಲೇ ಇದು." ಅವರು, "ಕಮೋಡು ಹೊಗಳಿದರೆ ಯಾರಾದ್ರೂ ಸಿಟ್ಟಾಗ್ತಾರೇನು? ಪಾಯಸ ಮಾಡ್ಯಾರ, ಸುಮ್ಮನೆ ಮಲಗು" ಎಂದು ಗೋಡೆ ಕಡೆ ತಿರುಗಿದರು.

ಪ್ರತಿವರ್ಷ ಒಂದು ದಿನ ಗಿರಿಜಕ್ಕನ ಜೊತೆ ಅವರ ತವರಿಗೆ, ಬಿಜೂರಿಗೆ, ಹೋಗುವ ರೂಢಿ. ಬಸ್ಸಿನಲ್ಲಿ ನಾನು ಮತ್ತು ಅವರು ಒಂದು ಸೀಟಿನಲ್ಲಿ ಕೂತರೆ ಬೈಂದೂರು ತಾಲೂಕು ಬರುವ ತನಕ ಬಾಯಿ ನಿಲ್ಲುವುದಿಲ್ಲ. ಈ ಸಲ ಕೇಳಿದರೆ, "ನೀವ್ ಹೋಯಿ ಬನ್ನಿ. ನಂಗೆ ಕೆಲ್ಸ ಇತ್ತ್" ಎಂದರು. ನಾನೂ ಹಟಕ್ಕೆ ಬಿದ್ದೆ. ಸರಿ, ಹೋಗೇ ಬರುತ್ತೇವೆ ಎಂದು ಹೊರಟೆ. ನರಸಿಂಹಣ್ಣ ದೋಣಿಯಲ್ಲಿ ಕಡವಿಗೆ ಬಿಟ್ಟರು.

ಬ್ರಹ್ಮಾವರದಿಂದ ಬಿಜೂರು ಸುಮಾರು ಐವತ್ತು ಕಿಲೋಮೀಟರು. ಕುಂದಾಪುರದಲ್ಲಿ ಬಸ್ಸು ಬದಲಿಸಿ ಬೈಂದೂರಿನ ಬಸ್ಸು ಹಿಡಿದೆವು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಬಸ್ಸಿನಲ್ಲಿದ್ದ ಹೊರಗಿನವರೆಲ್ಲ ಫೋನು ಎತ್ತಿ ಹಿಡಿದರು. ನಾನು ಕಿಟಕಿಯ ಸೀಟಿನಲ್ಲಿದ್ದೂ ಏನೂ ನೋಡಲಿಲ್ಲ. ಪಕ್ಕದಲ್ಲಿ ನಮ್ಮವರು ನಿದ್ದೆ ಮಾಡುತ್ತಿದ್ದರು. ಹೆದ್ದಾರಿಯಲ್ಲಿ ಇಳಿದು ಗದ್ದೆಯ ಅಂಚು ಹಿಡಿದು ನಡೆದರೆ ಗಿರಿಜಕ್ಕನ ಅಣ್ಣ ರಾಮಣ್ಣನ ಮನೆ. ಭತ್ತ ಕೊಯ್ದ ಗದ್ದೆಯಲ್ಲಿ ಶೇಂಗಾ ಹಾಕಿ ನೀರು ಬಿಡುತ್ತಿದ್ದರು.

"ಅವ್ಳ್ ಎಲ್ಲಿ?" ಎಂದು ರಾಮಣ್ಣ ಕೇಳಿದ್ದೇ ಮೊದಲು. ನಾನು ಎಲ್ಲ ಹೇಳಿದೆ. ಬಿಸಿಲು, ಮೋಟಾರು ದೋಣಿ, ಬೆಲ್ಲ ನೀರು, ಕುರ್ಚಿ, ಪಾಯಸ. ರಾಮಣ್ಣ ಕೈಯ ಮಣ್ಣು ತೊಳೆದುಕೊಳ್ಳುತ್ತಾ ಕೇಳಿಸಿಕೊಂಡರು. ಬೆಲ್ಲ ನೀರಿನ ಜಾಗಕ್ಕೆ ಬಂದಾಗಲೇ ಅವರಿಗೆ ನಗು ಬಂದಿತ್ತು.

"ಇಷ್ಟ್ ವರ್ಷ ಬಂದ್ರೂ ಇದ್ ಗೊತ್ತಿಲ್ಯಾ ನಿಮ್ಗೆ?" ಎಂದರು.

ಆಮೇಲೆ ವಿವರಿಸಿದರು. ಅಣ್ಣ ತಮ್ಮ ಬೇರೆಯಾದಾಗ ಜಾಗ, ತೆಂಗು, ದನ ಎಲ್ಲ ಪಾಲಾಯಿತು. ನೆಂಟರನ್ನು ಪಾಲು ಮಾಡುವುದು ಹೇಗೆ? ಎರಡೂ ಮನೆಗೆ ಬೇಕಾದವರೇ ಎಲ್ಲ. ಆಗ ಗಿರಿಜಕ್ಕನ ಅತ್ತೆ ಒಂದು ಕಟ್ಟಳೆ ಮಾಡಿದರಂತೆ. ಯಾರ ದೋಣಿ ಹತ್ತಿ ಬಂದು ಬೆಲ್ಲ ನೀರು ಕುಡಿದರೋ ಅವರು ಆ ಮನೆಯ ನೆಂಟರು. ಇನ್ನೊಂದು ಮನೆಯವರು ಕರೆಯಬಾರದು, ಜಗಳ ತೆಗೆಯಬಾರದು. ಊರಿನವರೆಲ್ಲ ಕಡವಿನಲ್ಲಿ ನಿಂತು ತಮಗೆ ಬೇಕಾದ ಮನೆಯ ಹೆಸರು ಹಿಡಿದು ಕೂಗುತ್ತಾರೆ. ನಮ್ಮನ್ನು ಯಾವತ್ತೂ ನರಸಿಂಹಣ್ಣನೇ ಬಂದು ಕರೆದೊಯ್ಯುತ್ತಿದ್ದರಿಂದ ನಾವು ಕೂಗಿದ್ದೇ ಇಲ್ಲ, ಹಾಗಾಗಿ ಗೊತ್ತಾಗಿರಲೂ ಇಲ್ಲ.

"ಅಂದರೆ ನಾವು ಸುಶೀಲಕ್ಕನ ನೆಂಟರಾಗಿ ಗಿರಿಜಕ್ಕನ ಮನೆಯಲ್ಲಿ ಉಳಿದೆವಾ?" ಎಂದೆ.

"ಹೌದ್. ಅವ್ಳ್ ಹೊರಗ್ ಹಾಕುಕೆ ಆತ್ತಿಲ್ಲೆ, ಒಳಗ್ ಕರೂಕೂ ಆತ್ತಿಲ್ಲೆ. ಅದಕ್ಕೇ ಕುರ್ಚಿ" ಎಂದರು ರಾಮಣ್ಣ. ಕೈ ಒರೆಸಿಕೊಳ್ಳುತ್ತಾ ಮತ್ತೆ ಹೇಳಿದರು, "ಸಿಟ್ಟಲ್ಲ ಅದ್. ಹೆದ್ರಿಕೆ. ಅಲ್ಲ್ ರೂಮ್ ಆಯ್ತ್, ಮೋಟರ್ ಆಯ್ತ್. ಇವರೂ ಅತ್ಲಾಯಿ ಹೋದ್ರ್ ಅಂದ್ಕಂಡಿದ್ಲ್. ಬಾಯ್ ಬಿಟ್ಟ್ ಕೇಂಬುದಿಲ್ಲ ಅವ್ಳ್, ಸಣ್ಣದ್ರಿಂದ್ಲೂ ಹಾಂಗೇ."

ಆ ಮನೆ ಬಿಟ್ಟು ನಾವೆಲ್ಲಿಗೆ ಹೋಗುತ್ತೇವೆ? ನನ್ನ ಅಕ್ಕತಂಗಿಯರಿಗೆ ಹೇಳದ ಮಾತನ್ನು ಆ ಅಡುಗೆಮನೆಯ ನೆಲದ ಮೇಲೆ ಕೂತು ಹೇಳಿದ್ದೇನೆ. ನಮ್ಮವರೂ ಶೇಂಗಾ ಗಿಡ ನೋಡುತ್ತಾ ಕೂತರು.

ದಾರಿಯನ್ನೂ ರಾಮಣ್ಣನೇ ಹೇಳಿದರು. ಒಂದು ರಾತ್ರಿ ಕುದ್ರುವಿನ ಹೊರಗೆ ಕಳೆದರೆ ಹಳೆಯ ದೋಣಿ ಮುಗಿದಂತೆ. ಮತ್ತೆ ಕಡವಿಗೆ ಹೋಗಿ, ಕೆಳಮನೆಯ ಹೆಸರು ಹಿಡಿದು ಕೂಗಬೇಕು. ಕೂಗಿದ ಮೇಲೆ ಬೇರೆ ದೋಣಿ ಹತ್ತಬಾರದು. "ಅಕ್ಕಾರು ಬರಲಿಲ್ಲ ಅಂದ್ರ?" ಎಂದು ನಮ್ಮವರು ಕೇಳಿದರು. ರಾಮಣ್ಣ ಗದ್ದೆಗೆ ನೀರು ತಿರುಗಿಸಲು ಎದ್ದು ಹೋದರು. ಆ ರಾತ್ರಿ ಅಲ್ಲೇ ಉಳಿದೆವು. ಫೋನು ಮಾಡಿ ಹೇಳೋಣವೆಂದರೆ ರಾಮಣ್ಣ ಬೇಡವೆಂದರು, ಫೋನಿನಲ್ಲಿ ಕರೆದರೆ ಕೂಗಿದ ಹಾಗಾಗುವುದಿಲ್ಲವಂತೆ.

ಮರುದಿನ ಊಟದ ಹೊತ್ತು ಮೀರಿದ ಮೇಲೆ ಕಡವು ತಲುಪಿದೆವು. ರಾಮಣ್ಣ ಕೊಟ್ಟ ಗೆಣಸಿನ ಚೀಲ ಕೆಳಗಿಟ್ಟು ನಾನು ನೀರಿನ ಅಂಚಿಗೆ ಹೋದೆ. ಕಡಲಿನ ಇಳಿತಕ್ಕೆ ಹೊಳೆಯೂ ಇಳಿದಿತ್ತು, ಕೆಸರು ಕಾಣುತ್ತಿತ್ತು. ಕುದ್ರುವಿನ ತೆಂಗು, ಕೆಳಮನೆಯ ಹಂಚಿನ ಮಾಡು ಎಲ್ಲ ಎದುರಿಗೇ. ದಾವಣಗೆರೆ ಸಂತೆಯಲ್ಲಿ ಕೂಗಿ ಅಭ್ಯಾಸವಿದ್ದರೂ ಮೊದಲ ಕೂಗು ನನಗೇ ಕೇಳಿಸಲಿಲ್ಲ. ಎರಡನೇ ಸಲಕ್ಕೆ ದನಿ ಬಂತು.

"ಹ್ವಾಯ್, ಕೆಳಮನೆ ಗಿರಿಜಕ್ಕ. ದೋಣಿ ತನ್ನಿ."

ಬಂದದ್ದು ಮೋಟಾರಿನ ಸದ್ದು. ಶೀನಣ್ಣ, ಪಾಪ, ಬಿಸಿಲಿನಲ್ಲಿ ನಾವು ನಿಂತದ್ದನ್ನು ಕಂಡು ಮತ್ತೆ ಓಡಿ ಬಂದಿದ್ದರು. "ಅಣ್ಣ, ಸಿಟ್ಟಾಗಬೇಡಿ. ನಾವು ಕೆಳಮನೆಯ ದೋಣಿ ಕೂಗಿದ್ದೇವೆ" ಎಂದೆ. ಅವರು ನನ್ನನ್ನೂ ಗೆಣಸಿನ ಚೀಲವನ್ನೂ ಒಮ್ಮೆ ನೋಡಿದರು.

"ಬಿಜೂರಿಗೆ ಹೋಯಿ ಬಂದ್ರ್ಯಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ನಕ್ಕರು. "ಅತ್ಗಿ ಸುದ್ದಿ ನಂಗ್ ಗೊತ್ತಿಲ್ದಾ? ನಿಲ್ಲಿ ನಿಲ್ಲಿ. ನಾನ್ ಹೋತೆ." ಅವರು ಖಾಲಿ ದೋಣಿ ತಿರುಗಿಸಿಕೊಂಡು ಹೋದರು. ಮೋಟಾರಿನ ಸದ್ದಿಗೆ ತಿರುಗಿ ನೋಡಿದ ಆ ದಡದವರಿಗೆಲ್ಲ, ಯಾರೂ ಹತ್ತಲಿಲ್ಲ ಎಂಬುದು ಕಂಡಿರಬೇಕು.

ಆಮೇಲೆ ಯಾರೂ ಬರಲಿಲ್ಲ. ನಾನು ಮತ್ತೆರಡು ಸಲ ಕೂಗಿದೆ. ನಮ್ಮವರಿಗೆ ಹಸಿವು. "ಶಾಂತಾ, ಆ ಮೋಟಾರಿನವರನ್ನೇ ಕರಿ. ಹೋಗಿ ಕಾಲಿಗೆ ಬಿದ್ದರಾಯ್ತು" ಎಂದರು. "ಬಾಯಿ ಮುಚ್ಕೊಂಡು ನಿಂತ್ಕೊಳ್ರಿ" ಎಂದೆ. ಹಸಿ ಗೆಣಸನ್ನೇ ಒರೆಸಿ ಕಚ್ಚಿದರು. ನೀರು ಏರತೊಡಗಿ ಕೆಸರು ಮುಚ್ಚಿತು. ಕೆಳಮನೆಯ ಕಡೆ ಹೊಗೆ ಎದ್ದಿತು. ಒಲೆ ಹಚ್ಚಿದ್ದಾರೆ, ಮನೆಯಲ್ಲೇ ಇದ್ದಾರೆ, ಕೇಳಿಸಿಕೊಂಡೂ ಬರುತ್ತಿಲ್ಲ ಎಂದುಕೊಂಡೆ. ಬ್ಯಾಗು ಅಲ್ಲೇ ಇರಲಿ, ಹೀಗೇ ದಾವಣಗೆರೆಗೆ ಹೋಗಿಬಿಡಬೇಕಾಗುತ್ತದೇನೋ, ಇನ್ನು ಈ ಹೊಳೆ ನಮಗೆ ಇಲ್ಲವೇನೋ ಅನ್ನಿಸಿ ಕಲ್ಲಿನ ಮೇಲೆ ಕೂತುಬಿಟ್ಟೆ.

ನಮ್ಮವರು ನನ್ನ ಭುಜ ತಟ್ಟಿದರು. ಕೆಳಮನೆಯ ಮೆಟ್ಟಿಲಿನಿಂದ ದೋಣಿ ಹೊರಟಿತ್ತು. ನರಸಿಂಹಣ್ಣ ಮುಂದೆ ಕೈಕಟ್ಟಿ ಕೂತಿದ್ದರು. ಹುಟ್ಟು ಹಾಕುತ್ತಿದ್ದವರು ಗಿರಿಜಕ್ಕ. ಸೀರೆ ಎತ್ತಿ ಕಟ್ಟಿ, ತಲೆಗೆ ಟವೆಲಿನಂಥ ಬೈರಾಸು ಸುತ್ತಿಕೊಂಡಿದ್ದರು. ದೋಣಿ ನೆಟ್ಟಗೆ ಬರದೆ ಒಂದು ಸಲ ಬಾರ್ಕೂರಿನ ಕಡೆ, ಒಂದು ಸಲ ಕಡಲಿನ ಕಡೆ ಮೂತಿ ತಿರುಗಿಸುತ್ತಿತ್ತು. ನರಸಿಂಹಣ್ಣ ಕೈ ಚಾಚಿದಾಗಲೆಲ್ಲ ಅವರಿಗೆ ಬೈಗುಳ ಬೀಳುತ್ತಿದ್ದುದು ನಮಗೂ ಕೇಳುತ್ತಿತ್ತು. ಕೂಗಿದ್ದು ತಮ್ಮ ಹೆಸರನ್ನು, ಹಾಗಾಗಿ ತಾವೇ ಹೋಗಬೇಕು ಎಂದು ಹಟ ಹಿಡಿದು, ನೀರು ಏರಲಿ ಅಂತ ಕಾದಿದ್ದರಂತೆ. ಇದನ್ನು ನರಸಿಂಹಣ್ಣ ಆಮೇಲೆ ಮೆಲ್ಲಗೆ ಹೇಳಿದರು.

ದೋಣಿ ದಡಕ್ಕೆ ಬಡಿಯಿತು. ಗಿರಿಜಕ್ಕ ಏದುಸಿರು ಬಿಡುತ್ತಾ ನನ್ನನ್ನು ನೋಡಿದರು.

"ಎಂತಕ್ಕೆ ಅಷ್ಟ್ ಕೂಗುದ್? ನಂಗೇನ್ ಕೆಮಿ ಇಲ್ಯಾ?" ಎಂದರು.

"ಕೇಳಿಸಿದ್ರೆ ಬರಬೇಕು" ಎಂದೆ ನಾನು. ಅಳು ಬರುತ್ತಿತ್ತು, ಅದಕ್ಕೇ ದನಿ ಒರಟಾಗಿತ್ತು.

"ಹತ್ತ್" ಎಂದರು. ಅಷ್ಟೇ. ದೋಣಿಯ ತಳದಲ್ಲಿ ನೀರು ನಿಂತಿತ್ತು. ನಾನು ಹಲಗೆಯ ಮೇಲೆ ಕೂರುವಷ್ಟರಲ್ಲಿ ಒಂದು ತೆಂಗಿನ ಗೆರಟೆ ನನ್ನ ಮಡಿಲಿಗೆ ಬಿತ್ತು. ದಾರಿಯುದ್ದಕ್ಕೂ ನಾನು ನೀರು ಮೊಗೆದು ಹೊರಗೆ ಚೆಲ್ಲಿದೆ. ನಮ್ಮವರ ಕೈಗೆ ಇನ್ನೊಂದು ಹುಟ್ಟು ಬಂತು, ಅವರಿಗೂ ಬೈಗುಳ ಸಿಕ್ಕಿತು. ಮನೆಗೆ ಹೋದ ಮೇಲೆ ಬೆಲ್ಲ ನೀರು ಕೊಟ್ಟರು, ನಾವು ಕುಡಿದೆವು, ನರಸಿಂಹಣ್ಣ ಸಾಕ್ಷಿಯ ಹಾಗೆ ನಿಂತು ನೋಡಿದರು. ಗಿರಿಜಕ್ಕ ಮಂಡಕ್ಕಿ ಮೂಟೆಯ ಬಾಯಿ ಬಿಚ್ಚಿದರು. ಅರ್ಧ ಅಳೆದು ಡಬ್ಬಿಗೆ ತುಂಬಿ ನನ್ನ ಕೈಗೆ ಕೊಟ್ಟು, "ಸುಶೀಲನಿಗೆ ಕೊಟ್ಟ್ ಬಾ. ರೂಮ್ ಹೊಗಳುಕೆ ನಿಮ್ಮವ್ರನ್ನ್ ಕರ್ಕಂಡ್ ಹೋಗಬ್ಯಾಡ" ಎಂದರು.

ಮರುದಿನ ಬೆಳಿಗ್ಗೆ ಹೊರಡುವ ದಿನ. ಸುಶೀಲಕ್ಕ, ಶೀನಣ್ಣ ಇಬ್ಬರೂ ನಮ್ಮನ್ನು ಕಳಿಸಲು ಹೊಳೆಯ ಬದಿಗೇ ಬಂದು ನಿಂತಿದ್ದರು. ಸುಶೀಲಕ್ಕ ಹೂವು ತಂದಿದ್ದರು. ನರಸಿಂಹಣ್ಣ ಬ್ಯಾಗು ದೋಣಿಗೆ ಹಾಕಿದರು. ಗಿರಿಜಕ್ಕ ಮಾತ್ರ ಎಲ್ಲೂ ಇಲ್ಲ. ನನಗೆ ಮತ್ತೆ ಅಳುಕು. ಮೆಟ್ಟಿಲು ಹತ್ತಿ ಹಿಂದಕ್ಕೆ ಹೋದೆ. ಅವರು ಅಡುಗೆಮನೆಯಲ್ಲಿ ನನಗೆ ಬೆನ್ನು ಹಾಕಿ ಕೂತು ದೋಸೆಗೆ ಅಕ್ಕಿ ತೊಳೆಯುತ್ತಿದ್ದರು.

"ಅಕ್ಕ, ಹೋಗಿ ಬರ್ತೀನಿ" ಎಂದೆ.

"ಹ್ಞಾಂ" ಎಂದರು. ತಿರುಗಲಿಲ್ಲ. ನಾನು ಬಾಗಿಲು ದಾಟಿ ಅಂಗಳಕ್ಕೆ ಇಳಿದ ಮೇಲೆ ಒಳಗಿನಿಂದ ಕೂಗಿದರು:

"ಹೋಪತಿಗೆ ಬಾಗ್ಲ್ ಎಳ್ಕಂಡ್ ಹೋಗ್ ಮರಾಯ್ತಿ. ನಾಯಿ ಒಳ್ಗ್ ಬತ್ತ್."

ನಾನು ಮತ್ತೆ ಮೆಟ್ಟಿಲು ಹತ್ತಿ, ಬಾಗಿಲು ಎಳೆದುಕೊಂಡು ಬಂದೆ.